ಹಾಲ್‌ಗೆ ಕಡಿಮೆ ಬಜೆಟ್‌ನ ಟಿವಿ: ಅಂಗಡಿಯಲ್ಲೇ ಪರೀಕ್ಷಿಸಿ

ಮೊದಲು ಸೋಫಾದಿಂದ ಗೋಡೆಗೆ ಟೇಪ್ ಹಿಡಿಯಿರಿ. ಐದಾರು ಅಡಿ ಇದ್ದರೆ 43 ಇಂಚು ಸಾಕು. ಏಳೆಂಟು ಅಡಿ ಇದ್ದರೆ 55ರ ಯೋಚನೆ ಮಾಡಿ. ಮನೆಯಲ್ಲಿ ಹೆಚ್ಚಾಗಿ ಕೇಬಲ್‌ನ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ಚಾನೆಲ್‌ಗಳೇ ಓಡುತ್ತವೆ ಅಂದರೆ ದೊಡ್ಡ 4ಕೆ (ಅತಿ ಹೆಚ್ಚು ಸ್ಪಷ್ಟತೆಯ) ಪರದೆಯಲ್ಲಿ ಮುಖಗಳು ಮಸುಕಾಗಿ ಕಾಣುತ್ತವೆ. ಅದು ಟಿವಿಯ ದೋಷವಲ್ಲ, ಸಿಗ್ನಲ್‌ನದು.

ಅಂಗಡಿಯಲ್ಲಿ ಟಿವಿ ಕಣ್ಣು ಕುಕ್ಕುವ 'ವಿವಿಡ್' ಮೋಡ್‌ನಲ್ಲಿರುತ್ತದೆ. 'ಮೂವಿ' ಅಥವಾ 'ಸ್ಟ್ಯಾಂಡರ್ಡ್'ಗೆ ಬದಲಿಸಿ ನೋಡಿ. ಪೆನ್‌ಡ್ರೈವ್‌ನಲ್ಲಿ ಎರಡು ಚಿತ್ರ ಒಯ್ಯಿರಿ: ಒಂದು ಪೂರ್ತಿ ಬೂದು, ಇನ್ನೊಂದು ಪೂರ್ತಿ ಕಪ್ಪು. ಬೂದಿನಲ್ಲಿ ಕಲೆ, ಅಡ್ಡ ಪಟ್ಟೆ ಕಂಡರೆ, ಕಪ್ಪಿನಲ್ಲಿ ಮೂಲೆಗಳಿಂದ ಬೆಳಕು ಸೋರಿದರೆ ಆ ಸೆಟ್ ಬೇಡ. ಪಕ್ಕಕ್ಕೆ ಸರಿದು ನಿಂತೂ ನೋಡಿ. ಬಣ್ಣ ತೀರಾ ಬಿಳಿಚಿಕೊಂಡರೆ ದಿವಾನ್ ಮೇಲೆ ಕೂತವರಿಗೆ ಕಷ್ಟ.

ಡಬ್ಬದ ಮೇಲಿನ 'ಎಚ್‌ಡಿಆರ್' (ಬೆಳಕು-ನೆರಳಿನ ವ್ಯತ್ಯಾಸ ಎದ್ದು ಕಾಣಿಸುವ ತಂತ್ರ) ಮುದ್ರೆಗೆ ಮರುಳಾಗಬೇಡಿ. ಬರೀ 250-300 ನಿಟ್ಸ್ (ಹೊಳಪಿನ ಅಳತೆ) ಬೆಳಕಿನ ಪರದೆಯಲ್ಲಿ ಅದರಿಂದ ಹೆಚ್ಚೇನೂ ಸಿಗದು. ಆ ದುಡ್ಡಿಗೆ 2 ಜಿಬಿ ರ್‍ಯಾಮ್ ಇರುವುದನ್ನು ಹುಡುಕಿ. 1 ಜಿಬಿ ಆದರೆ ಆ್ಯಪ್ ತೆರೆಯಲು ಒದ್ದಾಡುತ್ತದೆ. ನೆಟ್‌ಫ್ಲಿಕ್ಸ್, ಪ್ರೈಮ್ ಎರಡನ್ನೂ ನಿಮ್ಮೆದುರೇ ಓಡಿಸಿ ತೋರಿಸಲು ಹೇಳಿ. ಈ ಆ್ಯಪ್‌ಗಳು ಪೂರ್ತಿ ಸ್ಪಷ್ಟತೆಯ ಚಿತ್ರ ಕೊಡಲು ಕೇಳುವ ಕಾಪಿ-ತಡೆ ಪರವಾನಗಿ 'ವೈಡ್‌ವೈನ್ ಎಲ್1' ಇಲ್ಲದಿದ್ದರೆ 4ಕೆ ಟಿವಿಯಲ್ಲೂ ಎಸ್‌ಡಿ ಚಿತ್ರವೇ ಗತಿ.

ಮುಂದೆಂದಾದರೂ ಸೌಂಡ್‌ಬಾರ್ (ಉದ್ದನೆಯ ಹೊರ ಸ್ಪೀಕರ್) ಹಾಕುವಿರಾದರೆ ಎಚ್‌ಡಿಎಂಐ ಎಆರ್‌ಸಿ ಪೋರ್ಟ್ (ಟಿವಿಯ ಧ್ವನಿಯನ್ನು ಒಂದೇ ಕೇಬಲ್‌ನಲ್ಲಿ ಸ್ಪೀಕರ್‌ಗೆ ಕಳಿಸುವ ಕಿಂಡಿ) ಇರಲಿ. ವಾರಂಟಿಯಲ್ಲಿ ಪ್ಯಾನಲ್‌ಗೆ (ಚಿತ್ರ ಮೂಡುವ ಪರದೆಗೆ) ಎಷ್ಟು ವರ್ಷ ಎಂದು ಬೇರೆಯಾಗಿ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಪ್ಯಾನಲ್ ಹೋದರೆ ರಿಪೇರಿಗೆ ಹೊಸ ಟಿವಿಯ ಹತ್ತಿರದಷ್ಟೇ ಖರ್ಚು ಬರಬಹುದು.