ಹಳೆಯ ಹಂಚಿನ ಮನೆಯನ್ನು ಜುಲೈಯಲ್ಲಿ ನೋಡಿ

ಸಾಗರ ತಾಲ್ಲೂಕಿನ ಈ ಮನೆಯನ್ನು ನಾವು ಮೊದಲು ನೋಡಿದ್ದು ಮಾರ್ಚ್‌ನಲ್ಲಿ. ಜಗುಲಿ ತಣ್ಣಗಿತ್ತು, ಮಜ್ಜಿಗೆ ಕೊಟ್ಟರು, ಮನಸ್ಸು ಸೋತಿತು. ಮುಂಗಡ ಕೊಡುವುದೊಂದೇ ಬಾಕಿ ಎನ್ನುವಾಗ ಅತ್ತೆ ತಡೆದರು: "ಮಳೆ ಹಿಡಿಯಲಿ, ಆಮೇಲೆ ಇನ್ನೊಮ್ಮೆ ಹೋಗಿ."

ಜುಲೈಯಲ್ಲಿ ಟಾರ್ಚ್ ಹಿಡಿದು ಅಟ್ಟ ಹತ್ತಿದೆವು. ಅಲ್ಲಿ ಸಾಲಾಗಿ ಹನ್ನೊಂದು ಅಡಿಕೆ ಹಾಳೆಗಳು, ಎಲ್ಲದರಲ್ಲೂ ನೀರು. ಎಲ್ಲಿ ಸೋರುತ್ತದೆ ಎಂದು ಮನೆಯವರನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಬೆಲೆ ಇಳಿದದ್ದೂ ಆ ಹಾಳೆಗಳಿಂದಲೇ.

ಅಟ್ಟ ಹತ್ತುವಾಗ ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಪಕಾಸು, ಅಂದರೆ ಹಂಚನ್ನು ಹೊರುವ ಓರೆ ಮರ, ಗೋಡೆಯ ಮೇಲೆ ಕೂರುವ ತುದಿಯಲ್ಲಿ ಒತ್ತಿ ನೋಡಿ. ಗೆದ್ದಲು ಹತ್ತುವುದು ಅಲ್ಲಿಂದ. ಗಟ್ಟಿ ಮರ ಒಳಗೆ ಬಿಡುವುದಿಲ್ಲ. ನಮ್ಮ ಮೂರನೆಯ ಪಕಾಸಿನಲ್ಲಿ ಅದು ಹಿಡಿಯವರೆಗೂ ಹೋಯಿತು, ಹೊರಗೆಳೆದಾಗ ಮಣ್ಣು ಉದುರಿತು. ಹೊರಗಿನಿಂದ ಅದೇ ಪಕಾಸು ವಾರ್ನಿಷ್ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು.

ಕಾಗದಪತ್ರದ ವಿಷಯಕ್ಕೆ ವಕೀಲರು ಬೇಕೇ ಬೇಕು. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಇ-ಸ್ವತ್ತು ನಮೂನೆ 9 ಮತ್ತು 11ಎ, ಕನಿಷ್ಠ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ನೋಡಿ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾರುವವರಿಗೆ ಎಷ್ಟು ಮಂದಿ ಅಕ್ಕತಂಗಿಯರು ಎಂದು ಅದು ಹೇಳುವುದಿಲ್ಲ. ವಂಶವೃಕ್ಷ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ನಮಗೆ ಮಾರಿದವರ ಇಬ್ಬರು ತಂಗಿಯರು ಬಂದು ಸಹಿ ಹಾಕಲು ಎರಡು ತಿಂಗಳು ಹಿಡಿಯಿತು. ಕಾದದ್ದಕ್ಕೆ ನನಗೆ ಬೇಸರವಿಲ್ಲ.

ಇನ್ನು ಕೆಲಸ. ದೀಪಾವಳಿ ಕಳೆದ ಮೇಲೆ ಮಾಡು (ಛಾವಣಿ) ಬಿಚ್ಚಿ, ಮೇ ಮುಗಿಯುವುದರೊಳಗೆ ಮುಚ್ಚಿ. ಅಡುಗೆಮನೆಯ ಹೊಸ ಕಟ್ಟೆ, ಟೈಲ್ಸ್ ಎಂಬ ಆಸೆಗಳೆಲ್ಲ ಆಮೇಲೆ. ಮೊದಲು ಮಾಡು, ನಂತರ ವೈರಿಂಗ್. ನಾಲ್ಕು ವರ್ಷದ ಮಗ, ಅಂಬೆಗಾಲಿಡುವ ಮಗಳು ಇದ್ದುದರಿಂದ ನಾವು ಒಂದು ಕೋಣೆ ಮತ್ತು ಬಚ್ಚಲನ್ನು ಪೂರ್ತಿ ಮುಗಿಸಿಯೇ ಒಳಗೆ ಬಂದೆವು. ಉಳಿದ ಮನೆಯಲ್ಲಿ ಧೂಳಿದ್ದರೂ ಆ ಬಾಗಿಲು ಹಾಕಿಕೊಂಡರೆ ಮಗು ನಿದ್ದೆ ಮಾಡುತ್ತಿತ್ತು. ಮಗು ಮಲಗಿದರೆ ಮಾತ್ರ ಮೇಸ್ತ್ರಿಯೊಂದಿಗೆ ನೆಟ್ಟಗೆ ಮಾತಾಡಲು ಸಾಧ್ಯ.

ಹಂಚು ಇಳಿಸುವಾಗ ಅದನ್ನು ಮಗುಚಿ ಬೆನ್ನ ಮೇಲಿರುವ ಕಾರ್ಖಾನೆಯ ಹೆಸರು ಓದಿ. ನಮ್ಮ ಒಂದಷ್ಟು ಹಂಚುಗಳ ಮೇಲೆ ಬಾಸೆಲ್ ಮಿಷನ್, 1865 ಎಂದಿತ್ತು. ಮನೆ ಅಷ್ಟು ಹಳೆಯದೆಂದು ಹಿಗ್ಗಿದೆವು. ಆಮೇಲೆ ತಿಳಿಯಿತು, ಅದು ಆ ಕ್ರೈಸ್ತ ಮಿಷನ್ನಿನ ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದ ವರ್ಷವಂತೆ. ಹೆಸರು ಬೇಕಾಗುವುದು ಬೇರೆ ಕಾರಣಕ್ಕೆ. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ, ಆ ಸಂದಿನಲ್ಲೇ ನೀರು ಇಳಿಯುತ್ತದೆ. ನೂರು ಚದರಡಿಗೆ ಸುಮಾರು ನೂರೈವತ್ತು ಹಂಚು ಬೇಕು. ಒಡೆದವುಗಳ ಬದಲಿಗೆ ಅದೇ ಹೆಸರಿನವನ್ನು ಮನೆ ಕೆಡವುವವರ ಹತ್ತಿರ ಹುಡುಕಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ತನ್ನಿ. ಠಣ್ ಎಂದರೆ ಒಳ್ಳೆಯದು, ಬೊದ್ದು ಸದ್ದು ಬಂದರೆ ಸೀಳಿದೆ.

ಕಿಟಕಿಗಳ ಹಳೆಯ ಎಣ್ಣೆಬಣ್ಣದ ವಿಷಯದಲ್ಲಿ ನಾನು ಎಡವಿದೆ. ಕೆಲಸದವರು ಮರಳು ಕಾಗದ ಹಿಡಿದು ಒಣದಾಗಿಯೇ ಉಜ್ಜಿದರು, ನಾನು ಬೇಡವೆಂದು ಹೇಳಿರಲಿಲ್ಲ. ಸಂಜೆ ನೋಡಿದರೆ ಮಗಳ ತೊಟ್ಟಿಲ ಬಟ್ಟೆಯ ಮೇಲೆ ನೀಲಿ ಪುಡಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿದು ನಡೆದುಕೊಳ್ಳಿ. ಬಾಯಿಗೆ ಎಲ್ಲವನ್ನೂ ಹಾಕುವ ವಯಸ್ಸಿನ ಮಕ್ಕಳ ಮಿದುಳಿಗೆ ಅದು ವಿಷ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿಸಿ, ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ವಾರ ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿಬಿಡಿ.

ವೈರಿಂಗ್‌ನಲ್ಲಿ ಕಾಸು ಉಳಿಸಬೇಡಿ. ನಮ್ಮ ಮನೆಯಲ್ಲಿ ಅರ್ಥಿಂಗ್ ಇರಲೇ ಇಲ್ಲ. ಹೊಸ ಗುಂಡಿ ತೋಡಿ ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆವು. ಹಾಕಿದ ಮೇಲೆ ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು.

ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯೋಣ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಹಿಂದಿನವರು ಪಡಸಾಲೆಯ ಒಂದು ಗೋಡೆಗೆ ಬಳಿಸಿದ್ದರು. ತಟ್ಟಿದರೆ ಟೊಳ್ಳು ಸದ್ದು, ಮೀಟಿದರೆ ಚಪಾತಿಯಷ್ಟಗಲದ ಚಕ್ಕೆ ಕೈಗೆ ಬಂತು, ಹಿಂದೆ ಒದ್ದೆ ಮಣ್ಣು. ಗೋಡೆ ಹೀರಿದ ನೀರು ಹೊರಗೆ ಹೋಗಲು ದಾರಿ ಬೇಕು, ಸಿಮೆಂಟ್ ಅದನ್ನು ಮುಚ್ಚುತ್ತದೆ. ನಾವು ಅಷ್ಟನ್ನೂ ಕೆರೆಸಿ ಸುಣ್ಣದ ಗಾರೆ ಮಾಡಿಸಿದೆವು. ಅದನ್ನು ಬಲ್ಲ ಗಾರೆಯವರು ಸಿಕ್ಕಿದ್ದು ಆರನೆಯ ಫೋನಿಗೆ.

ಬಾವಿಗೆ ಕಬ್ಬಿಣದ ಜಾಲರಿಯನ್ನು ಸಾಮಾನು ಇಳಿಸುವ ದಿನಕ್ಕಿಂತ ಮೊದಲೇ ಹಾಕಿಸಿ, ಬೀಗದ ಸಮೇತ.

ಕೊನೆಯದಾಗಿ, ಲೆಕ್ಕಕ್ಕಿಂತ ಇನ್ನೂರು ಹಂಚು ಹೆಚ್ಚಿಗೆ ತಂದು ಕೊಟ್ಟಿಗೆಯ ಪಕ್ಕ ಪೇರಿಸಿಡಿ. ಹಲಸು ಹಣ್ಣಾಗುವ ಹೊತ್ತಿಗೆ ಮಂಗಗಳು ಮಾಡಿನ ಮೇಲೆ ಹಾರತೊಡಗುತ್ತವೆ. ಈ ವರ್ಷ ಇದುವರೆಗೆ ನಮ್ಮವು ಮೂವತ್ತೆಂಟು ಹೋಗಿವೆ.