ಟರ್ಕಿಶ್ ತೋಳುನೋವಿನ ಪ್ರಶ್ನಾವಳಿ: ‘ಇಶ್’ ಪದದ ಗೊಂದಲ ಬಗೆಹರಿದ ಬಗೆ

ದುಡಿಮೆಯಿಂದ ಬರುವ ತೋಳುನೋವಿನ ಪ್ರಶ್ನಾವಳಿಯನ್ನು ಟರ್ಕಿಶ್‌ಗೆ ತರುವಾಗ ಕಾಡಿದ್ದು ‘ಇಶ್’ ಎಂಬ ಪದ. ಉದ್ಯೋಗಕ್ಕೂ ಅದೇ, ಮನೆಗೆಲಸಕ್ಕೂ ಅದೇ. ಹಿಮ್ಮುಖ ಅನುವಾದದಲ್ಲಿ, ಅಂದರೆ ಟರ್ಕಿಶ್ ಪಠ್ಯವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುವಾಗ, ಈ ದೋಷ ಕಾಣುವುದೇ ಇಲ್ಲ. ‘ಇಶ್’ ಮತ್ತೆ ‘ವರ್ಕ್’ ಆಗಿ ಸಲೀಸಾಗಿ ಮರಳುತ್ತದೆ. 30–40 ಜನರ ಪೂರ್ವಪರೀಕ್ಷೆಯಲ್ಲಿ ಪ್ರತಿ ಉತ್ತರದ ಬಳಿಕ ‘ಯಾವ ಕೆಲಸ ನೆನೆದಿರಿ?’ ಎಂದು ಕೇಳಿದಾಗಲೇ ಅದು ಸಿಕ್ಕಿಬೀಳುವುದು. ಮೊದಲ ಸಾಲಿನಲ್ಲೇ ವೃತ್ತಿ ಬರೆಸಿ, ಮುಂದೆ ‘ಮೇಲೆ ಬರೆದ ಕೆಲಸ’ ಎಂದೇ ಕೇಳಿದರೆ ಗೊಂದಲ ತೀರುತ್ತದೆ.

ನೋವಿನ ಜಾಗಕ್ಕೆ ಟರ್ಕಿಶ್‌ನಲ್ಲಿ ಬೇರೆ ಬೇರೆ ಪದಗಳಿವೆ: ‘ಕೋಲ್’ ತೋಳು, ‘ಎಲ್’ ಹಸ್ತ, ‘ಒಮುಜ್’ ಭುಜ (ನಮ್ಮ ‘ಕೈ’ ಮೊದಲೆರಡನ್ನೂ ನುಂಗುತ್ತದೆ). ಮೂರನ್ನೂ ಹೆಸರಿಸಿ, ದೇಹದ ಚಿತ್ರವನ್ನೂ ಕೊಡಿ.

ಅವಧಿಗೆ ‘ಸೋನ್ 7 ಗ್ಯುನ್’, ಅಂದರೆ ಕಳೆದ 7 ದಿನ, ಎಂದೇ ಬರೆಯಿರಿ. ‘ಗೆಚೆನ್ ಹಾಫ್ತಾ’ (ಕಳೆದ ವಾರ) ಎಂದು ಬರೆದರೆ ಈ ವಾರದ ನೋವು ಲೆಕ್ಕಕ್ಕೇ ಬರದಿರಬಹುದು.