"ನಿಮ್ಮ ಬಗ್ಗೆ ಹೇಳಿ" ಅಂದಾಗ ನಾನು ಹೇಳುತ್ತಿದ್ದದ್ದು

ಸಂದರ್ಶನದಲ್ಲಿ ಮೊದಲೇ ಬಯಲಾಗಿರುವ ಪ್ರಶ್ನೆ ಅಂತ ಇದ್ದರೆ ಅದು ಇದೊಂದೇ: "ನಿಮ್ಮ ಬಗ್ಗೆ ಹೇಳಿ." ಆದರೂ ಈಗಷ್ಟೇ ಪದವಿ ಮುಗಿಸಿದವರಲ್ಲಿ ಹೆಚ್ಚಿನವರು ಹೆಸರು, ಊರು, ಮನೆಯವರು, ಶಾಲೆ, ಕಾಲೇಜು, ಶೇಕಡಾವಾರು ಅಂಕ, ಹವ್ಯಾಸ ಅಂತ ಒಂದೇ ಉಸಿರಿನಲ್ಲಿ ಒಪ್ಪಿಸಿ ಸುಮ್ಮನಾಗುತ್ತಾರೆ. ಅದೆಲ್ಲ ರೆಸ್ಯೂಮೆಯಲ್ಲೇ ಇದೆ. ಆ ರೆಸ್ಯೂಮೆ ಎದುರಿಗೆ ಕೂತವರ ಕೈಯಲ್ಲೇ ಇದೆ.

ನಾನು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಡೇಟಾ ಅನಲಿಸ್ಟ್ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದಾಗ ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ನೋಡಿದೆ. ನಾನು ಹೇಳಿ ಮುಗಿಸಿದ ಮೇಲೆ ಅವರು ಏನು ಕೇಳಬಹುದು? ಫ್ರೆಶರ್‌ಗೆ ಹಿಂದಿನ ಕೆಲಸ ಇಲ್ಲ, ಹಾಗಾಗಿ ಸಂದರ್ಶಕರಿಗೂ ಹಿಡಿದು ಕೇಳಲು ಹೆಚ್ಚೇನೂ ಸಿಗುವುದಿಲ್ಲ. ಪರಿಚಯದಲ್ಲಿ ಏನು ಬಂತೋ ಅದನ್ನೇ ಎತ್ತಿಕೊಂಡು ಮುಂದುವರಿಯುತ್ತಾರೆ. ಅಂದರೆ ಮೊದಲ ಒಂದೂವರೆ ನಿಮಿಷದಲ್ಲಿ ಮುಂದಿನ ಕಾಲು ಗಂಟೆಯ ಪ್ರಶ್ನೆಪತ್ರಿಕೆಯ ಅರ್ಧವನ್ನು ನಾವೇ ಬರೆದುಕೊಟ್ಟ ಹಾಗೆ. ಇದು ಹೊಳೆದ ಮೇಲೆ ನನ್ನ ತಯಾರಿ ತಿರುಗುಮುರುಗಾಯಿತು. ಯಾವ ಪ್ರಶ್ನೆ ಬಂದರೆ ನಾನು ಚೆನ್ನಾಗಿ ಮಾತನಾಡಬಲ್ಲೆ ಅಂತ ಮೊದಲು ಬರೆದುಕೊಂಡೆ, ಆ ಪ್ರಶ್ನೆ ಹುಟ್ಟಿಸುವ ವಾಕ್ಯವನ್ನು ಆಮೇಲೆ ಹುಡುಕಿದೆ.

ಮೊದಲು ಕೈಗೆತ್ತಿಕೊಂಡದ್ದು ಉದ್ಯೋಗದ ಜಾಹೀರಾತು. ಅದರಲ್ಲಿ ಮತ್ತೆಮತ್ತೆ ಬರುವ ಎರಡು ಮೂರು ಸಂಗತಿಗಳಿಗೆ ಗೆರೆ ಎಳೆದೆ. ನಾನು ಅರ್ಜಿ ಹಾಕಿದ ಕಡೆಗಳಲ್ಲೆಲ್ಲ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ), ದತ್ತಾಂಶ ಶುದ್ಧೀಕರಣ, ಕಂಡುಕೊಂಡದ್ದನ್ನು ಬೇರೆ ವಿಭಾಗದವರಿಗೆ ವಿವರಿಸುವುದು, ಇವು ಹೆಚ್ಚುಕಡಿಮೆ ಇದ್ದೇ ಇದ್ದವು. ಪ್ರತಿಯೊಂದರ ಎದುರಿಗೆ ನಾನು ನಿಜವಾಗಿ ಮಾಡಿದ ಒಂದು ಕೆಲಸ ಬರೆದೆ. ಬರೆದದ್ದರ ಬಗ್ಗೆ "ಯಾಕೆ ಹಾಗೆ ಮಾಡಿದಿರಿ?", "ಬೇರೆ ದಾರಿ ಇರಲಿಲ್ಲವಾ?" ಅಂತ ಕೆದಕಿದರೆ ಐದು ನಿಮಿಷ ಮಾತನಾಡಬಲ್ಲೆನಾ ಅಂತ ನನ್ನನ್ನೇ ಕೇಳಿಕೊಂಡೆ. ಆಗುವುದಿಲ್ಲ ಅನ್ನಿಸಿದ್ದನ್ನೆಲ್ಲ ತೆಗೆದುಹಾಕಿದೆ. ಮೆಷಿನ್ ಲರ್ನಿಂಗ್ ಬಗ್ಗೆ ಮಾಡಿದ ಒಂದು ಆನ್‌ಲೈನ್ ಕೋರ್ಸ್ ಹೀಗೆ ಹೊರಬಿತ್ತು. ರೆಸ್ಯೂಮೆಯ ಕೆಳಗಿನ ಸಾಲಿನಲ್ಲಿ ಇರಲಿ, ಬಾಯಲ್ಲಿ ಮಾತ್ರ ಬೇಡ.

ಉಳಿದದ್ದನ್ನು ಜೋಡಿಸಲು ಬಹಳ ಜನ ಬಳಸುವ ಕ್ರಮವನ್ನೇ ಬಳಸಿದೆ: ಈಗ ನಾನು ಏನು, ಹಿಂದೆ ಏನು ಮಾಡಿದೆ, ಮುಂದೆ ಈ ಕೆಲಸವೇ ಯಾಕೆ. ಹುಟ್ಟಿನಿಂದ ಶುರುಮಾಡಿ ಇಲ್ಲಿಯವರೆಗೆ ಬರುವ ಕ್ರಮದಲ್ಲಿ ಮುಖ್ಯವಾದದ್ದು ಕೊನೆಗೆ ಸಿಗುತ್ತದೆ, ಅಷ್ಟರಲ್ಲಿ ಕೇಳುವವರ ಅಭಿಪ್ರಾಯ ರೂಪುಗೊಳ್ಳಲು ಶುರುವಾಗಿರುತ್ತದೆ. 1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಒಬ್ಬ ವ್ಯಕ್ತಿಯ ಗುಣಗಳ ಪಟ್ಟಿಯನ್ನು ಒಂದು ಗುಂಪಿಗೆ "ಬುದ್ಧಿವಂತ, ಶ್ರಮಜೀವಿ" ಅಂತ ಶುರುಮಾಡಿ "ಹಠಮಾರಿ, ಅಸೂಯೆಯವನು" ಅಂತ ಮುಗಿಸಿ ಓದಿಸಿದ್ದರು, ಇನ್ನೊಂದು ಗುಂಪಿಗೆ ಅದೇ ಪಟ್ಟಿಯನ್ನು ತಲೆಕೆಳಗು ಮಾಡಿ. ಮೊದಲ ಗುಂಪಿಗೆ ಆ ವ್ಯಕ್ತಿ ಹೆಚ್ಚು ಒಳ್ಳೆಯವನಾಗಿ ಕಂಡ. ಪಟ್ಟಿ ಅದೇ, ಕ್ರಮ ಮಾತ್ರ ಬೇರೆ. ನಾನಂತೂ ಮೊದಲ ಎರಡು ವಾಕ್ಯಗಳ ಮೇಲೆ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಕೂತೆ.

ಕೊನೆಗೆ ಬಂದ ರೂಪ ಸುಮಾರಾಗಿ ಹೀಗಿತ್ತು:

"ನಮಸ್ಕಾರ. ನಾನು ಈ ವರ್ಷ ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ್ದೇನೆ. ಗೋಜಲಾಗಿರುವ ದತ್ತಾಂಶವನ್ನು ಸರಿಪಡಿಸಿ ಅದರಿಂದ ಯಾರಿಗಾದರೂ ಉಪಯೋಗಕ್ಕೆ ಬರುವ ಉತ್ತರ ತೆಗೆಯುವ ಕೆಲಸ ನನಗೆ ಇಷ್ಟ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನಮ್ಮ ಕಾಲೇಜು ಗ್ರಂಥಾಲಯದ ಎರವಲು ದಾಖಲೆಗಳನ್ನು ತೆಗೆದುಕೊಂಡು, ಯಾವ ಪುಸ್ತಕಕ್ಕೆ ಯಾವ ತಿಂಗಳಲ್ಲಿ ಹೆಚ್ಚು ಜನ ಕಾಯುತ್ತಾರೆ ಎಂದು ನೋಡಿದೆವು. ಮೂವರ ತಂಡದಲ್ಲಿ ದಾಖಲೆ ಶುದ್ಧಮಾಡಿ ಎಸ್‌ಕ್ಯೂಎಲ್‌ನಲ್ಲಿ ಜೋಡಿಸುವುದು ನನ್ನ ಪಾಲಿನ ಕೆಲಸ. ಒಂದೇ ಪುಸ್ತಕ ಮೂರು ನಾಲ್ಕು ಹೆಸರಲ್ಲಿ ದಾಖಲಾಗಿದ್ದರಿಂದ ಅದೇ ಪ್ರಾಜೆಕ್ಟ್‌ನ ದೊಡ್ಡ ಕೆಲಸವಾಯಿತು. ನಮ್ಮ ಪಟ್ಟಿ ನೋಡಿ ಗ್ರಂಥಪಾಲಕರು ಕೆಲವು ಪುಸ್ತಕಗಳ ಹೆಚ್ಚುವರಿ ಪ್ರತಿ ತರಿಸಿದರು. ಬೇರೆಬೇರೆ ವಿಭಾಗಗಳ ವರದಿಗಳನ್ನು ಒಂದುಗೂಡಿಸುವ ಕೆಲಸ ಎಂದು ನಿಮ್ಮ ಜಾಹೀರಾತಿನಲ್ಲಿ ಇದೆ. ನನಗೆ ಹಿಡಿಸಿದ ಕೆಲಸವೂ ಅದೇ, ಹಾಗಾಗಿ ಅರ್ಜಿ ಹಾಕಿದೆ."

ಇದರಲ್ಲಿ "ಮೂರು ನಾಲ್ಕು ಹೆಸರಲ್ಲಿ ದಾಖಲಾಗಿದ್ದರಿಂದ" ಎಂಬ ತುಂಡು ಬೇಕೆಂದೇ ಇಟ್ಟದ್ದು. ದತ್ತಾಂಶದ ಕೆಲಸ ಮಾಡುವ ಯಾರಿಗೂ ಅದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. "ಎರಡೂ ಒಂದೇ ಪುಸ್ತಕ ಅಂತ ಹೇಗೆ ಪತ್ತೆಹಚ್ಚಿದಿರಿ?" ಅನ್ನುತ್ತಿದ್ದರು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇದ್ದವನ್ನು ಅದರಿಂದಲೇ ಹೊಂದಿಸಿದೆವು. ಆದರೆ ಅದು ಅಂತರರಾಷ್ಟ್ರೀಯ ಮಾನದಂಡವಾದದ್ದು 1970ರಲ್ಲಿ, ಅದಕ್ಕಿಂತ ಹಳೆಯ ಮುದ್ರಣಗಳಿಗೆ ಆ ಸಂಖ್ಯೆ ಇರಲಿಲ್ಲ. ಅಂಥವಕ್ಕೆ ಶೀರ್ಷಿಕೆ ಮತ್ತು ಲೇಖಕರ ಹೆಸರಿನ ಚುಕ್ಕಿ, ಖಾಲಿ ಜಾಗ ಎಲ್ಲ ತೆಗೆದು ಹೋಲಿಸಿದೆವು, ಆಗಲೂ ಉಳಿದದ್ದನ್ನು ಕಣ್ಣಲ್ಲೇ ನೋಡಿದೆವು. ಒಂದೇ ಕೃತಿಯ ಬೇರೆ ಆವೃತ್ತಿಗೆ ಬೇರೆ ಐಎಸ್‌ಬಿಎನ್ ಇರುತ್ತದೆ, ಅವನ್ನು ಒಂದೆಂದು ಎಣಿಸಬೇಕಾ ಬೇಡವಾ ಅನ್ನುವುದು ಇನ್ನೊಂದು ಚರ್ಚೆ. ಮಾತು ಅಲ್ಲಿಗೆ ಬಂದರೆ ಸಂದರ್ಶನ ಅನ್ನುವುದು ಮರೆತು ಇಬ್ಬರೂ ಆ ಸಮಸ್ಯೆಯ ಸುತ್ತ ಕೂತಿರುತ್ತಿದ್ದೆವು. ನನಗೆ ಬೇಕಾಗಿದ್ದದ್ದೂ ಅದೇ.

"ನನ್ನ ಪಾಲಿನ ಕೆಲಸ" ಎಂಬುದೂ ಅಷ್ಟೇ ಮುಖ್ಯ. ಗುಂಪಿನ ಪ್ರಾಜೆಕ್ಟ್ ಬಗ್ಗೆ ಬರೀ "ನಾವು ಮಾಡಿದೆವು" ಅಂದರೆ, ನೀವು ಏನು ಮಾಡಿದಿರಿ ಎಂಬ ಅನುಮಾನ ಎದುರಿನವರಿಗೆ ಬಂದೇ ಬರುತ್ತದೆ. ಎಲ್ಲವನ್ನೂ "ನಾನು" ಅಂದರೆ ಅದು ಇನ್ನೊಂದು ರೀತಿಯ ಅನುಮಾನ.

"ನಾನು ಪರಿಶ್ರಮಿ, ತಂಡದಲ್ಲಿ ಹೊಂದಿಕೊಳ್ಳುತ್ತೇನೆ, ಬೇಗ ಕಲಿಯುತ್ತೇನೆ" ಎಂಬ ಮಾತುಗಳು ನನ್ನ ಮೊದಲ ಕರಡಿನಲ್ಲೂ ಇದ್ದವು. ಅಲ್ಲ ಅಂತ ಯಾರೂ ಅನ್ನುವುದಿಲ್ಲ, ಆದರೆ ಅದರಿಂದ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಪ್ರಾಜೆಕ್ಟ್ ವಿವರಿಸುವ ವಾಕ್ಯವನ್ನು ನನ್ನ ವಿಷಯ ಓದದ ಒಬ್ಬರಿಗೆ ಹೇಳಿ, ಅವರಿಂದ ಅದನ್ನೇ ವಾಪಸ್ ಹೇಳಿಸುತ್ತಿದ್ದೆ. ಇದಕ್ಕೆ ಕಾರಣ ಎಲಿಜಬೆತ್ ನ್ಯೂಟನ್ 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಮನಶ್ಶಾಸ್ತ್ರದ ಪ್ರಯೋಗ. ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಕೆಲವರು ಮೇಜಿನ ಮೇಲೆ ಬೆರಳಿನಲ್ಲಿ ತಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ತಟ್ಟಿದವರು ಅರ್ಧದಷ್ಟಾದರೂ ಗುರುತು ಸಿಗುತ್ತವೆ ಅಂದುಕೊಂಡಿದ್ದರು. 120ರಲ್ಲಿ ಗುರುತು ಸಿಕ್ಕಿದ್ದು 3. ತಟ್ಟುವವರ ತಲೆಯಲ್ಲಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕಟಕ. ಎಚ್‌ಆರ್ ಸುತ್ತಿನಲ್ಲಿ ನಮ್ಮ ಪ್ರಾಜೆಕ್ಟ್‌ನ ಹೆಸರು ಬಹಳ ಸಲ ಹೀಗೇ ಕೇಳಿಸುತ್ತದೆ.

ಇಷ್ಟಕ್ಕೂ ಪ್ರಾಜೆಕ್ಟ್ ಇಲ್ಲದವರು? ಇತಿಹಾಸ ಓದಿದ ನನ್ನ ಗೆಳತಿಯೊಬ್ಬಳು ಕಚೇರಿ ಆಡಳಿತದ ಕೆಲಸಕ್ಕೆ ತಯಾರಾಗುವಾಗ "ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ ಕಣೇ" ಅಂದಿದ್ದಳು. ಮಾತನಾಡುತ್ತಾ ಹೋದಂತೆ ವಿಭಾಗದ ವಿಚಾರಸಂಕಿರಣದಲ್ಲಿ ನೋಂದಣಿ ನೋಡಿಕೊಂಡದ್ದು ಹೊರಬಂತು. ಪಟ್ಟಿಯಲ್ಲಿ ಹೆಸರಿಲ್ಲದವರು ನಡುವೆ ಸಿಕ್ಕಿಕೊಂಡು ಸಾಲು ನಿಂತೇಹೋಗಿತ್ತಂತೆ. ಇವಳು ಅವರಿಗೆಂದೇ ಬೇರೆ ಮೇಜು ಹಾಕಿಸಿ ಸಾಲನ್ನು ಎರಡು ಮಾಡಿದಳಂತೆ. ಆಡಳಿತದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ಬೇಕಾ? ಅವಳು ಮಾತ್ರ ಅದನ್ನು ಕೆಲಸ ಅಂತಲೇ ಎಣಿಸಿರಲಿಲ್ಲ.

ಕಡಿಮೆ ಅಂಕ, ಪದವಿಯ ನಂತರದ ಖಾಲಿ ತಿಂಗಳುಗಳು, ಇವನ್ನು ಪರಿಚಯದಲ್ಲಿ ನಾವಾಗಿ ಎತ್ತುವ ಅಗತ್ಯ ಇಲ್ಲ. ಕೇಳಿದರೆ ಎರಡು ವಾಕ್ಯದ ನೇರ ಉತ್ತರ ಇರಲಿ, ಸಾಕು.

ಸಮಯದ ಬಗ್ಗೆ: ಒಂದರಿಂದ ಒಂದೂವರೆ ನಿಮಿಷ. ಇಂಗ್ಲಿಷ್‌ನಲ್ಲಿ ಸಹಜ ವೇಗಕ್ಕೆ ನಿಮಿಷಕ್ಕೆ 130ರಿಂದ 150 ಪದ ಅನ್ನುತ್ತಾರೆ. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುವುದರಿಂದ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಫೋನಿನ ಸ್ಟಾಪ್‌ವಾಚ್ ನೋಡಿಕೊಳ್ಳುವುದೇ ವಾಸಿ. ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಮಾತ್ರ ನಾನು ಬಾಯಿಪಾಠ ಮಾಡಿದೆ. ನಡುವಿನದನ್ನು ಬರೀ ಅಂಶಗಳಾಗಿ ನೆನಪಿಟ್ಟುಕೊಂಡು ಪ್ರತಿ ಸಲ ಬೇರೆ ಮಾತಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಪೂರ್ತಿ ಉರುಹೊಡೆದರೆ ನಡುವೆ ಯಾರಾದರೂ ಪ್ರಶ್ನೆ ಹಾಕಿದಾಗ ಮತ್ತೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ.

ಒಳಗೆ ಹೋಗುವ ಮುಂಚಿನ ಎದೆಬಡಿತಕ್ಕೆ "ಸಮಾಧಾನ, ಸಮಾಧಾನ" ಅಂತ ಹೇಳಿಕೊಳ್ಳುವುದನ್ನು ಬಿಟ್ಟೆ. ಭಾಷಣಕ್ಕೆ ಮುಂಚೆ "ನಾನು ಉತ್ಸಾಹದಲ್ಲಿದ್ದೇನೆ" ಎಂದು ಹೇಳಿಕೊಂಡವರು "ನಾನು ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ ಚೆನ್ನಾಗಿ ಮಾತನಾಡಿದ್ದನ್ನು ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ್ದಾರೆ. ಆತಂಕದಲ್ಲೂ ಉತ್ಸಾಹದಲ್ಲೂ ಎದೆ ಬಡಿಯುತ್ತದೆ, ಅದನ್ನು ನಿಲ್ಲಿಸಲು ಹೆಣಗುವುದಕ್ಕಿಂತ ಇದು ಸುಲಭ.

ಪರಿಚಯವನ್ನು ನಿಲ್ಲಿಸುವುದು ಶುರುಮಾಡುವುದಕ್ಕಿಂತ ಕಷ್ಟ. "ಅಷ್ಟೇ ಸರ್" ಅಂದರೆ ಸಪ್ಪೆ. ಏನೂ ಅನ್ನದಿದ್ದರೆ ಮೌನ ತುಂಬಲು ಹವ್ಯಾಸಗಳ ಕಡೆ ಬಾಯಿ ಹೊರಳುತ್ತದೆ. "ಹಾಗಾಗಿ ಅರ್ಜಿ ಹಾಕಿದೆ" ಎಂಬಲ್ಲಿ ದನಿ ಇಳಿಸಿ, ಬಾಯಿ ಮುಚ್ಚಿ, ಅವರನ್ನು ನೋಡುತ್ತಾ ಕೂರುವುದನ್ನು ನಾನು ಬೇರೆಯಾಗಿಯೇ ಅಭ್ಯಾಸ ಮಾಡಿದೆ. ಆ ಎರಡು ಮೂರು ಸೆಕೆಂಡ್ ಅವರು ಪ್ರಶ್ನೆ ಆರಿಸಿಕೊಳ್ಳುತ್ತಿರುತ್ತಾರೆ. ರೆಕಾರ್ಡ್ ಮಾಡಿ ಕಳಿಸುವ ವೀಡಿಯೊ ಸಂದರ್ಶನದಲ್ಲಿ ಈ ಲಾಭ ಇಲ್ಲ, ಅಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಎಲ್ಲರಿಗೂ ಒಂದೇ ಪಟ್ಟಿಯ ಪ್ರಶ್ನೆಗಳನ್ನು ಕೇಳುವ ಕಡೆಯೂ ಪರಿಚಯದ ಹಿಡಿತ ಸಡಿಲ. ಅಂಥಲ್ಲಿ ಅದನ್ನು ಇನ್ನೂ ಚಿಕ್ಕದು ಮಾಡಿ, ಗ್ರಂಥಾಲಯದ ಕಥೆಯನ್ನು "ಎದುರಿಸಿದ ಸವಾಲು ಹೇಳಿ" ಎಂಬ ಪ್ರಶ್ನೆಗೆ ಉಳಿಸಿಕೊಳ್ಳುತ್ತಿದ್ದೆ.

ಕೆಲವರು "ರೆಸ್ಯೂಮೆ ಓದಿದ್ದೇನೆ, ಅದರಲ್ಲಿ ಇಲ್ಲದ್ದು ಹೇಳಿ" ಅನ್ನುತ್ತಾರೆ. ಅದಕ್ಕೆ ನಾನು ಇಟ್ಟುಕೊಂಡಿದ್ದು, ಕಿರಿಯ ವಿದ್ಯಾರ್ಥಿಗಳಿಗೆ ಸೂತ್ರ ಇಲ್ಲದೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ವಿಷಯ. "ಹಾಗಾದರೆ ಮಾನಕ ವಿಚಲನೆ ನಮಗೆ ಹೇಳಿಕೊಡಿ" ಎಂಬುದೇ ಮುಂದಿನ ಮಾತು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ ಅದು. ಒಬ್ಬರ ಅಂಕ 58, 60, 62. ಇನ್ನೊಬ್ಬರದು 30, 60, 90. ಸರಾಸರಿ ಇಬ್ಬರದೂ 60. ಮುಂದಿನ ಪರೀಕ್ಷೆಯಲ್ಲಿ ಎಷ್ಟು ಬರಬಹುದು ಎಂದು ಯಾರ ವಿಷಯದಲ್ಲಿ ಧೈರ್ಯವಾಗಿ ಹೇಳುತ್ತೀರಿ ಎಂದು ನಾನೇ ಅವರನ್ನು ಕೇಳುತ್ತಿದ್ದೆ.